ಶಿವನ ದಿಬ್ಬಣಕ್ಕೊಬ್ಬಳು ಅತ್ತೆ

ಆಂಟಿಯ ಮೂಗಿನ ತುದಿಗೆ ಕಿತ್ತಳೆ ಬಣ್ಣ ಮೆತ್ತಿಕೊಂಡಿತ್ತು. ಹುಬ್ಬುಗಳ ನಡುವೆ ಕುಂಕುಮ, ಅದರ ಕೆಳಗೆ ದಪ್ಪ ಗಾಜಿನ ಕನ್ನಡಕ, ಕನ್ನಡಕದ ಕೆಳಗೆ ಬಟಾಣಿ ಗಾತ್ರದ ಕಿತ್ತಳೆ ಬೊಟ್ಟು. ಲಂಡನ್ನಿನ ಪಿನ್ನರ್‌ನಲ್ಲಿ ಚರ್ಚೊಂದರ ಹಿಂದಿನ ಹಾಲ್‌ನಲ್ಲಿ ಪ್ರತಿ ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಕಲಾ ಪ್ರದರ್ಶನ ನಡೆಯುತ್ತದೆ. ಅಲ್ಲಿ ಇನ್ನೂ ಒಣಗದ ಕುಂಬಳಕಾಯಿಯ ಚಿತ್ರವೊಂದನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದರು. ಚಿತ್ರ ಬರೆದ ಹೆಂಗಸು ಗಾಬರಿಯಿಂದ ಟಿಶ್ಯೂ ಹಿಡಿದು ಓಡಿಬಂದಳು. ಆಂಟಿ ಮೂಗು ಒರೆಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಅವಳ ಕುಂಬಳಕಾಯಿಗೆ ಏನೂ ಆಗಿಲ್ಲ ತಾನೆ?"

ಆಗಿತ್ತು. ಕುಂಬಳಕಾಯಿಯ ಕೆನ್ನೆಯ ಮೇಲೆ ಮೂಗಿನ ಗುರುತು ಸ್ಪಷ್ಟವಾಗಿ ಮೂಡಿತ್ತು. ಆ ಹೆಂಗಸು ನಕ್ಕು ಅದನ್ನು ಹಾಗೇ ಬಿಟ್ಟಳು. ಸಂಜೆಯೊಳಗೆ ಚಿತ್ರ ಮಾರಾಟವೂ ಆಯಿತು.

ಅದು ನಾನು ಅವರ ಜೊತೆ ಪ್ರದರ್ಶನಕ್ಕೆ ಹೋದ ಮೊದಲ ವರ್ಷ. ಕಿಂಗ್ಸ್‌ಬರಿಯಲ್ಲಿ ನಮ್ಮದು ಎರಡು ಫ್ಲ್ಯಾಟುಗಳ ಮನೆ. ಮೇಲೆ ನಾವು, ಕೆಳಗೆ ಅವರು. ಹಾಗಾಗಿ ನಮ್ಮ ಮನೆಯಲ್ಲಿ ಅವರ ಹೆಸರು ಕೆಳಮನೆ ಆಂಟಿ. ಮೈಸೂರಿನವರು. ಗಂಡ ತೀರಿಕೊಂಡ ಮೇಲೆ ಕೌನ್ಸಿಲ್ಲಿನ ಲೈಬ್ರರಿಯ ಕೌಂಟರಿನಲ್ಲಿ ಕೆಲಸ ಮಾಡಿ, ಒಬ್ಬಳೇ ಮಗಳನ್ನು ಓದಿಸಿ, ನಿವೃತ್ತರಾಗಿದ್ದರು. ನಾನು ಬೆಂಗಳೂರಿನಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಹಲವು ವರ್ಷ ದುಡಿದು, ಇಲ್ಲಿಗೆ ಬಂದ ಮೇಲೆ ಅಕ್ಸ್‌ಬ್ರಿಡ್ಜಿನ ಕಚೇರಿಯೊಂದರಲ್ಲಿ ಪ್ರಕಟಣೆಗಳನ್ನು ಬರೆಯುವ ಕೆಲಸ ಹಿಡಿದಿದ್ದೆ.

ಪ್ರದರ್ಶನಕ್ಕೆ ಆಂಟಿ ಹೋಗುತ್ತಿದ್ದುದು ಬರೀ ನೋಡುವುದಕ್ಕಲ್ಲ, ಕೊಳ್ಳುವುದಕ್ಕೆ. ಪ್ರತಿ ವರ್ಷ ಒಂದೇ ಒಂದು ಗೊಂಬೆ. ಅದು ದೆವ್ವವಾಗಿರಬಹುದು, ಮಾಟಗಾತಿಯಾಗಿರಬಹುದು, ಅಸ್ಥಿಪಂಜರವಾಗಿರಬಹುದು. ಮುಂದಿನ ದಸರೆಗೆ ಅದು ಅವರ ಗೊಂಬೆ ಮೆಟ್ಟಿಲಿನಲ್ಲಿ ಕೂರುತ್ತಿತ್ತು.

ದಸರೆಯಲ್ಲಿ ಗೊಂಬೆ ಕೂರಿಸುವವರ ಮನೆಯಲ್ಲಿ ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಬೇಕೆಂಬ ವಾಡಿಕೆ ಇದೆ. ಲಂಡನ್ನಿನ ಹೆಚ್ಚಿನವರು ಅದನ್ನು ಊರಿಗೆ ಹೋದಾಗ ತರುತ್ತಾರೆ. ಆಂಟಿಯದೂ ಮೊದಲು ಹಾಗೇ ಇತ್ತು. ಬದಲಾಯಿಸಿದವನು ಅವರ ಅಳಿಯ.

ಅಳಿಯ ಇಲ್ಲಿನವನು. ವಾರವೆಲ್ಲ ಎಲೆಕ್ಟ್ರಿಷಿಯನ್, ವಾರದ ಕೊನೆಗೆ ಕಿವಿಗಡಚಿಕ್ಕುವ ಬ್ಯಾಂಡೊಂದರಲ್ಲಿ ಡ್ರಮ್ಮು ಬಾರಿಸುವವನು. ಆರಡಿ ದಾಟಿದ ಆಳು. ಕುತ್ತಿಗೆಯಿಂದ ಬೆರಳಿನವರೆಗೆ ಹಚ್ಚೆ, ಅದರಲ್ಲಿ ಹಾವುಗಳೇ ಹೆಚ್ಚು. ರಿಜಿಸ್ಟರ್ ಮದುವೆಯ ದಿನ ಅವನ ಗೆಳೆಯರು ಗಡ್ಡ, ಚರ್ಮದ ಕೋಟು, ತಲೆಬುರುಡೆಯ ಉಂಗುರಗಳೊಂದಿಗೆ ಮೋಟರ್‌ಬೈಕುಗಳಲ್ಲಿ ಬಂದಿಳಿದರಂತೆ. ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದ ಆಂಟಿಗೆ ತಲೆ ಸುತ್ತಿತು. ಕಂಬಿ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟರು. ಎಲ್ಲರೂ ಸುತ್ತುವರಿದಾಗ, "ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅಷ್ಟೇ" ಎಂದರು. ಮದುವೆ ಗಂಡು ತಾನೇ ಓಡಿಹೋಗಿ ಎದುರಿನ ಅಂಗಡಿಯಿಂದ ಬಾಳೆಹಣ್ಣು ತಂದು, ಸುಲಿದು ಅವರ ಕೈಗಿಟ್ಟ.

ಆಮೇಲೆ ಅತ್ತೆಯ ಮನಸ್ಸು ಗೆಲ್ಲಬೇಕೆಂದು ಅವನಿಗೂ ಆಸೆಯಿತ್ತು. "ನಿಮ್ಮಮ್ಮನಿಗೆ ಏನಿಷ್ಟ?" ಎಂದು ಹೆಂಡತಿಯನ್ನು ಕೇಳಿದ. ಅವಳು ಗೊಂಬೆಗಳೆಂದಳು. ಅವನಿಗೆ ಗೊತ್ತಿದ್ದ ಗೊಂಬೆಯ ಜಾಗ ಒಂದೇ. ಆ ಅಕ್ಟೋಬರಿನಲ್ಲಿ ಅತ್ತೆಯನ್ನು ವ್ಯಾನಿನಲ್ಲಿ ಕೂರಿಸಿಕೊಂಡು ನೇರ ಹ್ಯಾಲೋವೀನ್ ಪ್ರದರ್ಶನಕ್ಕೆ ಕರೆದೊಯ್ದ.

"ಬಾಗಿಲಲ್ಲೇ ರಬ್ಬರ್ ಬಾವಲಿ ಕಣೇ, ತಲೆಗೆ ತಾಗೋ ಹಾಗೆ," ಎಂದು ಆಂಟಿ ನನಗೆ ಹೇಳಿದ್ದರು. "ಒಳಗೆ ಹೋದ್ರೆ ಶವದ ಪೆಟ್ಟಿಗೆ. ಅದರ ಮೇಲೆ ಬಿಸ್ಕತ್ತು ಜೋಡಿಸಿಟ್ಟಿದ್ದಾರೆ. ನಾನು ರಾಮ ರಾಮ ಅಂತಿದ್ದೀನಿ. ಇವನು ಮಗು ಥರ ನನ್ನ ಮುಖಾನೇ ನೋಡ್ತಿದ್ದಾನೆ, ಇಷ್ಟ ಆಯ್ತಾ ಅಂತ. ಬರಿಗೈಲಿ ವಾಪಸ್ ಬಂದಿದ್ರೆ ಅವನ ಮುಖ ನೋಡೋಕಾಗ್ತಿರ್ಲಿಲ್ಲ. ಅದಕ್ಕೇ ಒಂದು ತಗೊಂಡೆ."

ತೆಗೆದುಕೊಂಡದ್ದು ಗೇಣುದ್ದದ ಮಣ್ಣಿನ ಅಸ್ಥಿಪಂಜರ. ಕೊರಳಲ್ಲಿ ಡೋಲು, ಎರಡೂ ಕೈಯಲ್ಲಿ ಕೋಲು. ಅಳಿಯ ಹಿಗ್ಗಿಹೋದ. ಮನೆಯಲ್ಲಿ ಅದು ಬಟ್ಟೆ ಸುತ್ತಿಕೊಂಡು ಬೀರುವಿನಲ್ಲಿ ಕೂತಿತು. ಮುಂದಿನ ದಸರೆ ಬಂದಾಗ ಆಂಟಿಗೆ ಇಕ್ಕಟ್ಟು ಶುರುವಾಯಿತು. ಆ ವರ್ಷದ ಹೊಸ ಗೊಂಬೆ ಅದೊಂದೇ. ಪಟ್ಟದ ಗೊಂಬೆಗಳಿರುವ ಮೆಟ್ಟಿಲುಗಳಲ್ಲಿ ಅಸ್ಥಿಪಂಜರವನ್ನು ಎಲ್ಲಿಡುವುದು? ಇಡದಿದ್ದರೆ, ಮೆಟ್ಟಿಲಿಗೆ ದೀಪದ ಸರ ಕಟ್ಟಲು ಬರುವ ಅಳಿಯನಿಗೆ ಏನು ಹೇಳುವುದು? ಮಧ್ಯಾಹ್ನವೆಲ್ಲ ಅದನ್ನು ಮಡಿಲಲ್ಲಿಟ್ಟುಕೊಂಡು ಯೋಚಿಸಿದರಂತೆ. ಕೊನೆಗೆ ಮೈಸೂರಿನಿಂದ ತಂದಿದ್ದ ಹಳೆಯ ಶಿವನ ಗೊಂಬೆಯ ಕಡೆ ಕಣ್ಣು ಹೋಯಿತು. ಶಿವ ಮದುವೆಗೆ ಹೊರಟಾಗ ಅವನ ದಿಬ್ಬಣದಲ್ಲಿ ಯಾರಿದ್ದರು? ಭೂತಗಳು, ಪ್ರೇತಗಳು, ತಲೆಯಿಲ್ಲದವರು, ಕಾಲಿಲ್ಲದವರು. ಕೆಳಗಿನ ಮೆಟ್ಟಿಲು ಖಾಲಿ ಮಾಡಿ, ಶಿವನನ್ನು ಅಲ್ಲಿಗಿಳಿಸಿ, ಅವನ ಮುಂದೆ ಡೋಲಿನವನನ್ನು ನಿಲ್ಲಿಸಿದರು.

ನಾನು ಮೊದಲ ಸಲ ನೋಡುವ ಹೊತ್ತಿಗೆ ದಿಬ್ಬಣ ಆ ಮೆಟ್ಟಿಲನ್ನು ತುಂಬಿತ್ತು. ಕುಂಬಳಕಾಯಿ ತಲೆಯವನೊಬ್ಬ ಛತ್ರಿ ಹಿಡಿದಿದ್ದ. ಬಿಳಿ ದುಪ್ಪಟಿ ಹೊದ್ದ ದೆವ್ವದ ಕಾಲಲ್ಲಿ ಓಟದ ಬೂಟುಗಳಿದ್ದವು. ಮೂರು ಕಣ್ಣಿನ ಬೆಕ್ಕೊಂದು ನಂದಿಯ ಬೆನ್ನೇರಿತ್ತು.

ಎಲ್ಲರಿಗೂ ಇದು ಒಪ್ಪಿಗೆಯಾಗಿರಲಿಲ್ಲ. ಒಂದು ಸಂಜೆ ಆರತಿಗೆ ಬಂದಿದ್ದ ಪಿನ್ನರ್‌ನ ಹಿರಿಯರೊಬ್ಬರು ಕೆಳಗಿನ ಮೆಟ್ಟಿಲು ನೋಡಿ ಕೋಸಂಬರಿಯ ಬಟ್ಟಲನ್ನು ಕೆಳಗಿಟ್ಟರು.

"ಏನ್ರೀ ಇದು, ನವರಾತ್ರಿಲಿ ಪಿಶಾಚಿಗಳನ್ನ ಕೂರಿಸಿದ್ದೀರಾ? ಶುಭವೇನ್ರೀ?"

"ಗಂಡಿನ ಕಡೆಯವರು ಕಣ್ರೀ," ಎಂದರು ಆಂಟಿ. "ಗಂಡಿನ ಕಡೆಯವರು ಹೇಗಿದ್ರೂ ಮಾತಾಡೋ ಹಾಗಿಲ್ಲ ಅಲ್ವೇ? ಇನ್ನೊಂದು ಸ್ವಲ್ಪ ಕೋಸಂಬರಿ ಹಾಕ್ಲಾ?"

ಕೂತಿದ್ದ ಹೆಂಗಸರೆಲ್ಲ ನಕ್ಕರು. ಆ ಹಿರಿಯರೂ ನಕ್ಕು ಬಟ್ಟಲು ಮುಂದೆ ಚಾಚಿದರು.

ಆಂಟಿಯ ಉತ್ತರಗಳು ಹೀಗೇ ಇರುತ್ತಿದ್ದವು. ಪ್ರದರ್ಶನಕ್ಕೆ ಅವರು ಉಡುತ್ತಿದ್ದುದು ಜರಿಯಂಚಿನ ಕಡುಹಸಿರು ಮೈಸೂರು ರೇಷ್ಮೆ, ಅದರ ಮೇಲೆ ಉಣ್ಣೆಯ ಕೋಟು, ಕಾಲಿಗೆ ವಾಕಿಂಗ್ ಶೂ. ಗೊಂಬೆ ತರಲು ಹೋಗುವಾಗ ಹಳೆ ಸೀರೆ ಉಡಬಾರದು ಎನ್ನುತ್ತಿದ್ದರು. ಒಂದು ವರ್ಷ ಅಲ್ಲಿನ ಆಯೋಜಕರು ಮೈಕಿನಲ್ಲಿ ಆ ದಿನದ ಉತ್ತಮ ವೇಷಕ್ಕೆ ಬಹುಮಾನವೆಂದು ಘೋಷಿಸಿ, ಚಾಕೊಲೇಟ್ ಚೀಲವೊಂದನ್ನು ತಂದು ಆಂಟಿಯ ಕೈಗಿಟ್ಟರು. ಚಪ್ಪಾಳೆಯಾಯಿತು. ಇದು ವೇಷವಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಆಂಟಿ ನನ್ನ ಕೈ ಒತ್ತಿದರು.

"ಬಹುಮಾನ ಬಂದಾಗ ಯಾತಕ್ಕೆ ಅಂತ ಕೇಳಬಾರದು ಕಣೇ," ಎಂದು ಬಸ್ಸಿನಲ್ಲಿ ಚಾಕೊಲೇಟ್ ಹಂಚಿದರು. ಮುಂದಿನ ಸೀಟಿನಲ್ಲಿ ರಕ್ತ ಬಳಿದುಕೊಂಡು ಕೂತಿದ್ದ ಕಾಲೇಜು ಹುಡುಗಿಯರಿಗೂ ಕೊಟ್ಟರು.

ಹ್ಯಾಲೋವೀನ್ ಸಮಯದಲ್ಲಿ ಅಳಿಯನ ಬ್ಯಾಂಡಿಗೆ ಬಿಡುವಿರುತ್ತಿರಲಿಲ್ಲ. ಆದ್ದರಿಂದಲೇ ನಾನು ಜೊತೆಗಾತಿಯಾದದ್ದು. ನಾನು ಬೇಕಾಗಿದ್ದಕ್ಕೆ ಇನ್ನೊಂದು ಕಾರಣ ಅವರ ಕಣ್ಣು. ದೃಷ್ಟಿಯ ನಡುಭಾಗವೇ ಮಸುಕಾಗುತ್ತಾ ಹೋಗುವ ಕಾಯಿಲೆ. ಆಸ್ಪತ್ರೆಯಲ್ಲಿ ಕಣ್ಣಿಗೆ ಚುಚ್ಚುಮದ್ದು ಕೊಡುತ್ತಿದ್ದರು. ಅದು ರೋಗವನ್ನು ನಿಧಾನ ಮಾಡಿತೇ ಹೊರತು ನಿಲ್ಲಿಸಲಿಲ್ಲ. "ಅಂಚಿನಲ್ಲೆಲ್ಲಾ ಊರು ಕಾಣುತ್ತೆ, ನಡುವೆ ಮಾತ್ರ ಮಂಜು. ನಿನ್ನ ಕಿವಿ ಕಾಣುತ್ತೆ, ಮುಖ ಇಲ್ಲ," ಎನ್ನುತ್ತಿದ್ದರು. ಮೊದಲು ಮೂಗು ತಾಗುವಷ್ಟು ಹತ್ತಿರ ಹೋದರೆ ಕಾಣುತ್ತಿದ್ದುದು ಬರಬರುತ್ತಾ ಹಾಗೂ ಕಾಣದಾಯಿತು. ಆಗ ನನಗೆ ಹೊಸ ಕೆಲಸ ಬಂತು. ನಾನು ನೋಡಿ ಹೇಳಬೇಕು, ಅವರು ಕೇಳಬೇಕು.

"ಪೇಪರಿನವಳು ನೀನು. ನೋಡಿದ್ದು ಹೇಳು, ಅನಿಸಿದ್ದು ಬೇಡ," ಎಂದು ಮೊದಲೇ ತಾಕೀತು ಮಾಡಿದರು. "ಚೆನ್ನಾಗಿದೆ, ಭಯಂಕರವಾಗಿದೆ, ಇವೆಲ್ಲಾ ನಿನ್ನ ಹತ್ರಾನೇ ಇಟ್ಕೋ."

ಸುದ್ದಿಮನೆಯಲ್ಲಿ ನನಗೆ ಮೊದಲು ಕಲಿಸಿದ್ದೂ ಅದನ್ನೇ. ಕೊಳ್ಳುವುದು ಒಂದಾದರೂ ಆಂಟಿ ಇಡೀ ಪ್ರದರ್ಶನ ಸುತ್ತುತ್ತಿದ್ದರು. ಬರೆದವರು ಪಕ್ಕದಲ್ಲೇ ನಿಂತಿರುವಾಗ ನೋಡದೆ ಹೋಗುವುದು ಮರ್ಯಾದೆಯಲ್ಲ ಎಂಬುದು ಅವರ ನಿಲುವು. ನಾನು ಪ್ರತಿ ಚಿತ್ರದ ಮುಂದೆ ನಿಂತು ವರದಿ ಒಪ್ಪಿಸುತ್ತಿದ್ದೆ: ಕಪ್ಪು ಮರ, ಎಲೆ ಇಲ್ಲ, ಕೊಂಬೆಯ ಮೇಲೆ ಗೂಬೆ, ಗೂಬೆಗೆ ಟೋಪಿ. ಆಂಟಿ ತಲೆದೂಗಿ ಚಿತ್ರಕಾರರ ಕಡೆ ತಿರುಗಿ, ಇಂಗ್ಲಿಷಿನಲ್ಲಿ, "ಟೋಪಿ ಚೆನ್ನಾಗಿದೆ" ಎನ್ನುತ್ತಿದ್ದರು. ಅವರು ಕೊಡುತ್ತಿದ್ದ ಹೊಗಳಿಕೆ ಯಾವಾಗಲೂ ಯಾವುದೋ ಒಂದು ಸಣ್ಣ ವಿವರಕ್ಕೆ. ಬರೆದವರ ಮುಖ ಅರಳುತ್ತಿತ್ತು.

ಅವರು ಏನನ್ನು ಹುಡುಕುತ್ತಿದ್ದಾರೆಂಬುದು ನನಗೆ ತಿಳಿದದ್ದು ತಡವಾಗಿ. ಒಂದು ದಸರೆಯ ನಂತರ ಗೊಂಬೆಗಳನ್ನು ಹಳೆ ಸೀರೆಯ ತುಂಡುಗಳಲ್ಲಿ ಸುತ್ತಿಡುತ್ತಿದ್ದೆವು. ದಿಬ್ಬಣದಲ್ಲಿ ಇನ್ನು ಜಾಗವಿಲ್ಲವಲ್ಲ ಆಂಟಿ, ಪೂರ್ತಿಯಾಯಿತಲ್ಲ ಎಂದೆ.

"ಎಲ್ಲಿ ಪೂರ್ತಿ? ಮದುವೆ ಅಂದ್ಮೇಲೆ ಹೆಣ್ಣಿನ ತಾಯಿ ಬೇಡ್ವೇ? ಮೇನಾದೇವಿ ಎಲ್ಲಿ?"

ಕಥೆ ನನಗೂ ಗೊತ್ತಿತ್ತು. ಭಸ್ಮ ಬಳಿದುಕೊಂಡು, ಹಾವು ಸುತ್ತಿಕೊಂಡು ಬಂದ ಅಳಿಯನನ್ನೂ ಅವನ ದಿಬ್ಬಣವನ್ನೂ ಕಂಡು ಪಾರ್ವತಿಯ ತಾಯಿ ಎಚ್ಚರ ತಪ್ಪುತ್ತಾಳೆ.

"ಅವಳನ್ನೇ ಹುಡುಕ್ತಿರೋದು," ಎಂದರು ಆಂಟಿ. "ಆ ಹಾಲ್‌ನಲ್ಲಿ ಎಲ್ಲಾರೂ ಹೆದರಿಸೋರೇ. ಹೆದರೋರು ಒಬ್ರೂ ಸಿಕ್ತಿಲ್ಲ."

"ಮೈಸೂರಿಂದ ತರಿಸೋಣ ಆಂಟಿ. ಇಲ್ಲಾ, ಇಲ್ಲೇ ಯಾರಿಗಾದ್ರೂ ಹೇಳಿ ಮಾಡಿಸೋಣ."

"ಹೇಳಿ ಮಾಡಿಸಿದ ಹೆದರಿಕೆ ನಾಟಕದ್ದು ಕಣೇ. ಮೈಸೂರಿಂದ ಯಾಕೆ? ನಾನು ಹೆದರಿದ್ದು ಮೈಸೂರಲ್ಲೇನೇ?"

ಸ್ವಲ್ಪ ಹೊತ್ತು ಡೋಲಿನವನಿಗೆ ಬಟ್ಟೆ ಸುತ್ತಿದರು. ಆಮೇಲೆ ಹೇಳಿದರು. ಮದುವೆಯ ದಿನ ಮೆಟ್ಟಿಲ ಮೇಲೆ ತಲೆ ಸುತ್ತಿದ್ದು ಹಸಿವಿನಿಂದಲ್ಲ. ಬೆಳಿಗ್ಗೆ ಎರಡು ಸಲ ಹಾಕಿಸಿಕೊಂಡು ಉಪ್ಪಿಟ್ಟು ತಿಂದಿದ್ದರು. ಹೆದರಿದ್ದರು. ಒಬ್ಬಳೇ ಮಗಳನ್ನು ಯಾರ ಕೈಗೆ ಕೊಡುತ್ತಿದ್ದೇನೆ ಎಂದು. ಆ ಕೈಯೇ ಬಾಳೆಹಣ್ಣು ಸುಲಿದು ಕೊಟ್ಟಿತು. ಆಮೇಲೆ ವಾರವಾರ ಬಂದು ಬಾಯ್ಲರ್ ನೋಡಿತು, ಬಲ್ಬು ಬದಲಿಸಿತು, ಆಸ್ಪತ್ರೆಗೆ ಕರೆದೊಯ್ದಿತು.

"ಅವನ ಮುಖ ನೋಡ್ಕೊಂಡು, ನಿನ್ನ ಕಂಡು ಹೆದರಿದ್ದೆ ಕಣಪ್ಪಾ ಅಂತ ಹೇಗೆ ಹೇಳ್ಲಿ? ಹೇಳದೇನೂ ಇರೋಕಾಗಲ್ಲ. ಗೊಂಬೆ ಇಟ್ರೆ ಅವನು ಕೇಳ್ತಾನೆ. ಕೇಳಿದ್ರೆ ಹೇಳ್ತೀನಿ. ನನ್ನ ಕಣ್ಣಿಗೆ ಅವಳನ್ನ ನಿಲ್ಲಿಸೋ ಅಷ್ಟಾದ್ರೂ ಬೆಳಕಿರೋವಾಗ್ಲೇ ಸಿಗ್ಬೇಕು."

ನಂತರದ ಅಕ್ಟೋಬರಿನಲ್ಲಿ ಸಿಗಲಿಲ್ಲ. ಒಂಟಿಕಾಲಿನ ಕೊಳಲಿನವನನ್ನು ತಂದೆವು. ಅದರಾಚೆ ವರ್ಷ ಆಂಟಿಗೆ ಹಾಲ್‌ನ ದೀಪಗಳು ಕಾಣುತ್ತಿದ್ದವು, ಜನರ ನೆರಳು ಕಾಣುತ್ತಿತ್ತು, ಮುಖಗಳಿಲ್ಲ. ನನ್ನ ತೋಳು ಹಿಡಿದು ಎಲ್ಲ ಗೋಡೆಗಳನ್ನೂ ಮುಗಿಸಿದರು. ಗೊಂಬೆಗಳ ಮೇಜುಗಳೂ ಮುಗಿಯುತ್ತಾ ಬಂದವು. ನಾನು ವರದಿ ಒಪ್ಪಿಸಿದೆ. ಅವರು ಬೇಡ ಬೇಡವೆಂದು ತಲೆಯಾಡಿಸಿದರು.

ಕೊನೆಯ ಮೇಜು ಮಣ್ಣಿನ ಕೆಲಸದ ಹೆಂಗಸೊಬ್ಬಳದು. ನಡುವಯಸ್ಸು, ಕೆನ್ನೆಯ ಮೇಲೆ ಅಂಟಿಸಿಕೊಂಡ ಸುಳ್ಳು ಗಾಯ. ಅಲ್ಲಿ ಆಂಟಿಯ ಊರುಗೋಲು ಜಾರಿ ಮೇಜಿನಡಿಗೆ ಹೋಯಿತು. ಅದನ್ನೆತ್ತಲು ಬಗ್ಗಿದಾಗ ಅಲ್ಲೊಂದು ರಟ್ಟಿನ ಪೆಟ್ಟಿಗೆ ಕಂಡಿತು. ಒಳಗೆ, ಕಾಗದದ ನಡುವೆ, ಒಬ್ಬಳು ಮಾಟಗಾತಿ.

"ಅದು ಮಾರೋಕಲ್ಲ," ಎಂದಳು ಆ ಹೆಂಗಸು ಇಂಗ್ಲಿಷಿನಲ್ಲಿ. "ಸುಡುವಾಗ ಕೆಟ್ಟುಹೋಯಿತು. ಬೆನ್ನು ಬಾಗಿತು, ಪೊರಕೆ ಮುರಿದುಬಿತ್ತು. ಈಗ ಅವಳು ಯಾರನ್ನೂ ಹೆದರಿಸಲ್ಲ."

ಪೆಟ್ಟಿಗೆಯಲ್ಲಿ ಒಬ್ಬಳು ಮಾಟಗಾತಿ ಇದ್ದಾಳೆಂದು ನಾನು ಆಂಟಿಗೆ ಕನ್ನಡದಲ್ಲಿ ಹೇಳಿದೆ. ಆಂಟಿಯ ಹಿಡಿತ ನನ್ನ ತೋಳಿನ ಮೇಲೆ ಬಿಗಿಯಾಯಿತು.

"ಹೇಳು. ನಿಧಾನವಾಗಿ."

"ಹೆಂಗಸು, ವಯಸ್ಸಾಗಿದೆ. ಚೂಪು ಟೋಪಿ. ಕಣ್ಣು ಅಗಲ ತೆರೆದಿದೆ. ಬಾಯಿ ತೆರೆದಿದೆ, ಹಲ್ಲು ಕಾಣಲ್ಲ. ಬೆನ್ನು ಹಿಂದಕ್ಕೆ ವಾಲಿದೆ."

"ಕಾಲು?"

"ಎಡಗಾಲು ಹಿಂದಿದೆ."

"ಹಿಂದಿದೆಯಾ? ಸರಿಯಾಗಿ ನೋಡು. ಹೆದರಿಸೋರು ಮುಂದೆ ಬರ್ತಾರೆ, ಹೆದರೋರು ಹಿಂದೆ ಹೋಗ್ತಾರೆ."

"ಹಿಂದೇ ಇದೆ ಆಂಟಿ."

"ಕೈ?"

"ಎರಡೂ ಕೈ ಎದೆ ಮುಂದಿದೆ. ಬೆರಳು ಮಡಚಿದೆ. ಒಳಗೆ ಏನೂ ಇಲ್ಲ." ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಾಗಲಿಲ್ಲ. "ಬೀಳೋ ಹೊತ್ತಲ್ಲಿ ಕಂಬಿ ಹಿಡಿಯೋಕೆ ಹೋದ ಹಾಗಿದೆ."

"ಇದು ನೋಡಿದ್ದಾ, ಅನಿಸಿದ್ದಾ?"

"ಅನಿಸಿದ್ದು."

ಆಂಟಿ ನನ್ನ ತೋಳು ಬಿಟ್ಟು ಕೈ ಚಾಚಿದರು. "ಇರ್ಲಿ ಬಿಡು," ಎಂದರು. ಗೊಂಬೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬೆರಳುಗಳಿಂದ ಬೆನ್ನು, ಬಾಯಿ, ಹಿಂದಿನ ಕಾಲು ಮುಟ್ಟಿ ನೋಡಿದರು. ಖಾಲಿ ಮುಷ್ಟಿಗಳ ಮೇಲೆ ಬೆರಳು ಬಹಳ ಹೊತ್ತು ನಿಂತಿತು.

ಮಣ್ಣಿನ ಹೆಂಗಸು ಕೊಡಲು ಒಪ್ಪುವುದಕ್ಕೆ ಸಮಯ ಹಿಡಿಯಿತು. ಕೆಟ್ಟ ಕೆಲಸ ತನ್ನ ಹೆಸರಿನಲ್ಲಿ ಇನ್ನೊಬ್ಬರ ಮನೆಯಲ್ಲಿರಬಾರದು ಎಂಬುದು ಅವಳ ಹಟ.

"ನಿನ್ನ ಹೆಸರು ಬೇಡಮ್ಮಾ," ಎಂದು ಆಂಟಿ ಅವಳ ಭಾಷೆಯಲ್ಲೇ ಹೇಳಿದರು. "ಇವಳಿಗೆ ನನ್ನ ಹೆಸರಿಡ್ತೀನಿ."

ಮುಂದಿನ ದಸರೆಗೆ ಮಾಟಗಾತಿ ಮೇನಾದೇವಿಯಾದಳು. ಆಂಟಿ ರವಿಕೆ ಬಟ್ಟೆಯ ತುಂಡಿನಿಂದ ಅವಳಿಗೆ ಸೀರೆ ಉಡಿಸಿದರು. ಚೂಪು ಟೋಪಿಯ ಮೇಲೆ ಸೆರಗು ಹೊದಿಸಿದರು. ದಾರ ಪೋಣಿಸಿದ್ದು ನಾನು, ಹೊಲಿಗೆ ಅವರದೇ. ಕೆಳಗಿನ ಮೆಟ್ಟಿಲಿನ ಒಂದು ತುದಿಗೆ ಒತ್ತೊತ್ತಾಗಿ ಸರಿಸಿದ ದಿಬ್ಬಣ, ಇನ್ನೊಂದು ತುದಿಯಲ್ಲಿ ಅವಳೊಬ್ಬಳೇ, ಮದುಮಗನಿಗೆ ಎದುರಾಗಿ. ತಡವಿ ತಡವಿ ಅವಳನ್ನು ಅಲ್ಲಿ ನಿಲ್ಲಿಸಿದವರು ಆಂಟಿಯೇ. ನನ್ನ ಕೈ ತಾಗಲು ಬಿಡಲಿಲ್ಲ.

ಅಳಿಯ ದೀಪದ ಸರ ಹಿಡಿದು ಬಂದ. ಮೆಟ್ಟಿಲ ಮುಂದೆ ಕುಕ್ಕರಗಾಲಿನಲ್ಲಿ ಕೂತು ಪ್ಲಗ್ಗು ಸಿಕ್ಕಿಸುತ್ತಾ, "ಅಮ್ಮಾ, ಈ ಹೊಸಬರು ಯಾರು?" ಎಂದು ಕೇಳಿದ. ಆ ಒಂದು ಕರೆ ಮಾತ್ರ ಕನ್ನಡ. ಉಳಿದದ್ದು ಅವನ ಇಂಗ್ಲಿಷು.

ಕುರ್ಚಿಯಲ್ಲಿ ಕೂತಿದ್ದ ಆಂಟಿ ಸೆರಗು ಸರಿಮಾಡಿಕೊಂಡರು. "ಹುಡುಗಿಯ ತಾಯಿ," ಎಂದರು. "ಮದುವೆ ದಿನ ಇವಳು ಹೊಟ್ಟೆ ತುಂಬಾ ತಿಂಡಿ ತಿಂದಿದ್ದಳು."

ಅವನ ಕೈ ಪ್ಲಗ್ಗಿನ ಮೇಲೇ ನಿಂತಿತು. ಗೊಂಬೆಯನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದ.

"ನನಗೆ ಗೊತ್ತಿತ್ತು," ಎಂದ. "ಅವತ್ತು ನಿಮ್ಮ ಗಲ್ಲದ ಮೇಲೆ ಸಾಸಿವೆ ಇತ್ತು."

"ಮತ್ತೆ ಬಾಳೆಹಣ್ಣು ಯಾಕೆ ತಂದೆ?"

"ನನಗೂ ಭಯವಾಗಿತ್ತು. ಏನಾದ್ರೂ ಮಾಡಬೇಕಿತ್ತಲ್ಲ."

ಆಂಟಿ ನಗಲು ಶುರುಮಾಡಿದವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವವರೆಗೂ ನಿಲ್ಲಿಸಲಿಲ್ಲ. ಅಷ್ಟು ದೊಡ್ಡ ಆಳು ನೆಲದ ಮೇಲೆ ಕೂತೇ ಅವರ ಮಂಡಿಗೆ ತಲೆಯಾನಿಸಿ ನಕ್ಕ. ಅಡುಗೆಮನೆಯಿಂದ ಮಗಳು, "ಏನಾಯ್ತು?" ಎಂದು ಕೂಗಿದಳು. ಇಬ್ಬರೂ ಹೇಳಲಿಲ್ಲ.

ಆ ವರ್ಷ ಆಂಟಿ ಪ್ರದರ್ಶನದಿಂದ ಏನನ್ನೂ ಕೊಳ್ಳಲಿಲ್ಲ. ಸುತ್ತಿದರು, ಕೇಳಿದರು, ಹೊಗಳಿದರು, ಬಿಸ್ಕತ್ತು ತಿಂದರು. "ಮದುವೆ ಆಯ್ತಲ್ಲ, ಇನ್ನು ಆರಾಮು," ಎಂದರು. ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು, ಒಂದು ಬೆಳಿಗ್ಗೆ ಮಗಳು ಅಳಿಯ ಇಬ್ಬರೂ ಪಕ್ಕದಲ್ಲಿರುವಾಗಲೇ ಹೋಗಿಬಿಟ್ಟರು. ಕೊನೆಯ ಭೇಟಿಯಲ್ಲಿ ನಾನು ಕಿಟಕಿಯಾಚೆ ಕಾಣುವುದನ್ನು ಹೇಳುತ್ತಿದ್ದೆ: ಕಾರ್ ಪಾರ್ಕು, ಒಂದು ಮರ, ಮರದಲ್ಲಿ ಕಾಗೆ. ಅವರು ತಡೆದು, "ನಿನಗೇನನಿಸುತ್ತೆ, ಅದು ಹೇಳು," ಎಂದರು. ಬರವಣಿಗೆಯಲ್ಲಿ ನಾನು ಅನಿಸಿದ್ದಕ್ಕೆ ಜಾಗ ಕೊಡಲು ಕಲಿತದ್ದು, ಕೊಡುವ ಮೊದಲು ನೋಡಿದ್ದನ್ನು ಪೂರ್ತಿ ಹೇಳಿರಬೇಕೆಂದು ಕಲಿತದ್ದು, ಅವರಿಂದ.

ಈ ವರ್ಷದ ಗೊಂಬೆಗಳು ಮಗಳ ಮನೆಯಲ್ಲಿ ಕೂತಿವೆ. ನಾನು ಆರತಿಗೆ ಹೋಗಿದ್ದೆ. ಕೆಳಗಿನ ಮೆಟ್ಟಿಲು ಅಳಿಯನೇ ಜೋಡಿಸಿದ್ದ. ಮೇನಾದೇವಿ ತನ್ನ ತುದಿಯಲ್ಲಿರಲಿಲ್ಲ. ಹುಡುಕಿದೆ. ದೆವ್ವಗಳ ನಡುವೆ, ಡೋಲಿನವನ ಪಕ್ಕದಲ್ಲಿ, ಅವರೆಲ್ಲ ನೋಡುವ ಕಡೆಗೇ ಮುಖ ಮಾಡಿ ನಿಂತಿದ್ದಳು.

ಆಂಟಿ ಇವಳನ್ನು ಆ ಕಡೆ ನಿಲ್ಲಿಸಿದ್ದರು ಎಂದು ಅವನಿಗೆ ಹೇಳಿದೆ.

"ಗೊತ್ತು," ಎಂದ. ಮುಂದಿನ ಮಾತಿನ ಕೊನೆಯ ಪದವನ್ನು ಅವನು ಕನ್ನಡದಲ್ಲೇ, ಅತ್ತೆಯಿಂದ ಕಲಿತಿದ್ದ ಹಾಗೇ ಹೇಳಿದ. "ಈಗ ಅಮ್ಮನೂ ದಿಬ್ಬಣದವರು."

ತಿದ್ದುವಂಥದ್ದೇನೂ ಅದರಲ್ಲಿ ನನಗೆ ಕಾಣಲಿಲ್ಲ.